ಮುದ್ದೆ ಬಿಟ್ಟರೆ ಮನಸ್ಸು ನೆಟ್ಟಗಾದೀತೆ?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಸಭೆ ಅಂದ್ರೆ ಹಾಲಿನ ಫ್ಯಾಟಿನ ಮಾತು ಇದ್ದೇ ಇರುತ್ತೆ. ನಾನು ಇವತ್ತು ಮನುಷ್ಯರು ತಿನ್ನುವ ಫ್ಯಾಟಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ಇದು ನಮ್ಮ ಮನೆಯಲ್ಲೇ ನಡೆದದ್ದು.

ನಮ್ಮಕ್ಕನ ಮಗ ಇಂದಿರಾನಗರದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಬೈಪೋಲಾರ್ ಕಾಯಿಲೆ. ಕೆಲವು ದಿನ ವಿಪರೀತ ಹುರುಪು, ನಿದ್ದೆಯೇ ಬೇಡ. ಇನ್ನು ಕೆಲವು ದಿನ ಹಾಸಿಗೆ ಬಿಟ್ಟು ಏಳಲಾರ. ಗುಳಿಗೆಯಿಂದ ಹತೋಟಿಗೆ ಬಂದಿತ್ತು, ಮೈ ಮಾತ್ರ ದಪ್ಪವಾಗಿತ್ತು. ಹೋದ ವರ್ಷ ಊರಿಗೆ ಬಂದವನು ತಟ್ಟೆಯ ಮುದ್ದೆ ಪಕ್ಕಕ್ಕಿಟ್ಟು, "ಮಾವ, ಇನ್ಮೇಲೆ ಕೀಟೋ. ಮೊಟ್ಟೆ, ಮಾಂಸ, ತುಪ್ಪ ಅಷ್ಟೇ. ಗುಳಿಗೇನೂ ಬೇಡ್ವಂತೆ" ಅಂದ. ಫೋನಿನಲ್ಲಿ ನೋಡಿದ್ದನಂತೆ. ಮೂರೇ ವಾರ, ರಾತ್ರಿಯೆಲ್ಲ ಅಡ್ಡಾಡೋಕೆ ಶುರು ಮಾಡಿದ. ಅಕ್ಕ ಅಳುತ್ತಾ ಫೋನ್ ಮಾಡಿದಳು.

ಆಮೇಲೆ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಈ ಪಥ್ಯ ಬರೀ ಬುರುಡೆ ಅಲ್ಲ. ಅನ್ನ, ರಾಗಿ, ಸಕ್ಕರೆ ತೀರಾ ಕಡಿಮೆಯಾದರೆ ಪಿತ್ತಜನಕಾಂಗವು ಕೊಬ್ಬಿನಿಂದ ಕೀಟೋನ್ ಎಂಬ ವಸ್ತು ತಯಾರಿಸುತ್ತದೆ. ಸೌದೆ ಮುಗಿದಾಗ ಬೆರಣಿ ಹಾಕಿ ಒಲೆ ಉರಿಸಿದ ಹಾಗೆ, ಮೆದುಳು ಅದರಿಂದ ನಡೆಯುತ್ತದೆ. 1921ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅವರು ಮೂರ್ಛೆರೋಗಕ್ಕೆ ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಮಕ್ಕಳ ಮೂರ್ಛೆಗೆ ಇವತ್ತಿಗೂ ಕೊಡುತ್ತಾರೆ. ಮೂರ್ಛೆಯ ವಾಲ್‌ಪ್ರೊಯೇಟ್ ಗುಳಿಗೆಯನ್ನೇ ಬೈಪೋಲಾರಿಗೂ ಕೊಡುವುದುಂಟು. ಹಾಗಾದರೆ ಪಥ್ಯವೂ ನಾಟೀತೇ ಅಂತ ನೋಡುತ್ತಿದ್ದಾರೆ. 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಬೈಪೋಲಾರ್, ಸ್ಕಿಜೋಫ್ರೇನಿಯಾ ಇರುವ 21 ಮಂದಿಗೆ 4 ತಿಂಗಳು ಈ ಪಥ್ಯ ಕೊಟ್ಟು ನೋಡಿದ ವರದಿ ಬಂತು. ತೂಕ ಇಳಿಯಿತು, ಹಲವರ ಮನಸ್ಸೂ ಸುಧಾರಿಸಿತು. ಆದರೆ ಅವರು ಗುಳಿಗೆ ನುಂಗುತ್ತಲೇ ಪಥ್ಯ ಮಾಡಿದವರು. ಹೋಲಿಸಿ ನೋಡಲು ಪಥ್ಯವಿಲ್ಲದ ಗುಂಪೂ ಇರಲಿಲ್ಲ. ನಮ್ಮ ಹುಡುಗ ನೋಡಿದ ಫೋನಿನಲ್ಲಿ ಈ ಎರಡು ಮಾತೇ ಇರಲಿಲ್ಲ!

ಇನ್ನು ನಮ್ಮ ಊಟದ ಲೆಕ್ಕ. ಕಟ್ಟುನಿಟ್ಟಿನ ಕೀಟೋದಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಪಿಷ್ಟ, ಸಕ್ಕರೆ ಅಷ್ಟೇ. ನೂರು ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 70 ಗ್ರಾಂ ಇದೆ. ಒಂದು ಮುದ್ದೆಗೆ ದಿನದ ಕೋಟಾ ಮುಗೀತು. ಒಂದು ಲೋಟ ಹಾಲಿನಲ್ಲೂ ಹತ್ತು ಗ್ರಾಂ ಹತ್ತಿರ. ತುಪ್ಪದಲ್ಲಿ ಇಲ್ಲ, ಕಾರ್ಯದರ್ಶಿಗಳು ಅಷ್ಟಕ್ಕೆ ಸಮಾಧಾನಪಟ್ಟುಕೊಳ್ಳಬೇಕು.

ನಗುವ ಮಾತು ಬಿಡಿ, ಅಪಾಯವೂ ಇದೆ. ಪಥ್ಯ ಶುರುವಾದಾಗ ಮೈಯ ಉಪ್ಪು, ನೀರು ಹೊರಹೋಗುತ್ತದೆ. ಲಿಥಿಯಂ ನುಂಗುವವರಿಗೆ ರಕ್ತದಲ್ಲಿ ಅದರ ಪ್ರಮಾಣ ಏರುಪೇರಾಗಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರು ಡೋಸ್ ಬದಲಿಸದೆ ಮುದ್ದೆ ಬಿಟ್ಟರೆ ಸಕ್ಕರೆ ದಿಢೀರನೆ ಬೀಳುತ್ತದೆ. ಡಾಪಾಗ್ಲಿಫ್ಲೋಜಿನ್ ತರಹದ ಸಕ್ಕರೆ ಗುಳಿಗೆಯವರಿಗೆ ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೇ ಬರಬಹುದು. ಈ ಸಭೆಯಲ್ಲೇ ಸಕ್ಕರೆ ಕಾಯಿಲೆಯವರು ಎಷ್ಟು ಜನ ಇದ್ದೀರಿ, ಕೈ ಎತ್ತಿಸುವುದಿಲ್ಲ. ಮಾಡಲೇಬೇಕೆಂದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್ ಇದೆ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೂ ನೋಡುತ್ತಾರೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಹುಡುಗನನ್ನು ಡಾಕ್ಟರು ಬೈಯಲಿಲ್ಲ. "ತೂಕದ ಚಿಂತೆ ಮೊದಲೇ ಹೇಳಬಾರದಾಗಿತ್ತೇನಪ್ಪಾ?" ಅಂದರು. ಗುಳಿಗೆ ಬದಲಾಯಿಸಿಕೊಟ್ಟರು, ಸಕ್ಕರೆ, ಬೇಕರಿ ತಿಂಡಿ ಬಿಡಿಸಿದರು. ಈಗ ಊರಿಗೆ ಬಂದರೆ ಒಂದು ಮುದ್ದೆ, ಜೊತೆಗೆ ತಟ್ಟೆ ತುಂಬ ಸೊಪ್ಪು. ರಾತ್ರಿ ನಿದ್ದೆ ಮಾಡುತ್ತಾನೆ.