ಕಲ್ಲೊಡಲಿನ ತೈಲಕ್ಕೆ ನೀರಿನ ಕಾವಲು



ಸೊರಬದ ಸೀಮೆಯ ಚಂದ್ರಗುತ್ತಿಯನ್ನು ಕಣ್ಣಾರೆ ಕಾಣದವರೂ ಅದರ ಹೆಸರನ್ನು ಕೇಳಿರುವರಷ್ಟೆ. ಬೆಟ್ಟದ ಮೇಲೆ ಕೋಟೆ; ಬಂಡೆಯ ಗುಹೆಯಲ್ಲಿ ರೇಣುಕಾಂಬೆಯ ಗುಡಿ. ಈ ಬೆಟ್ಟದ ಬುಡವನ್ನು ಅಗೆದರೆ ಕಲ್ಲೆಣ್ಣೆ ದೊರೆಯಬಹುದೇ ಎಂದು ಯಾರಾದರೂ ಕೇಳಿದಲ್ಲಿ, ದೊರೆಯದೆಂದೇ ನಾವು ಹೇಳಬೇಕಾಗುತ್ತದೆ. ಪ್ರಾಚೀನ ಜೀವಿಗಳ ಅವಶೇಷವು ಕೆಸರಿನಲ್ಲಿ ಹೂತು, ಬೆಂದು, ತೈಲವಾಗಿ, ಮರಳುಗಲ್ಲು ಸುಣ್ಣಗಲ್ಲುಗಳ ಸೂಕ್ಷ್ಮರಂಧ್ರಗಳಲ್ಲಿ ಸೇರಿಕೊಳ್ಳುವುದು. ಅಸ್ಸಾಮಿನ ಡಿಗ್ಬಾಯಿಯ ತೈಲವೂ ಮುಂಬಯಿಯ ಕಡಲಿನಲ್ಲಿ 1974ರಲ್ಲಿ ಕಂಡ ತೈಲವೂ ಅಂತಹವೇ. ನಮ್ಮ ಮಲೆನಾಡಿನ ಶಿಲೆಯಾದರೋ ಅತಿ ಪುರಾತನವಾದುದು, ಕಠಿನವಾದುದು. ಅದರಲ್ಲಿ ತೈಲವು ಹುಟ್ಟುವಂತಿಲ್ಲ.

ಹುಟ್ಟದಿದ್ದರೇನು, ಕೂಡಿಡಬಹುದಲ್ಲವೇ? ಘಟ್ಟವಿಳಿದು ಕರಾವಳಿಗೆ ಹೋದರೆ ಇದಕ್ಕೆ ಉತ್ತರವಿದೆ. ಮಂಗಳೂರಿನ ಬಳಿಯಲ್ಲಿ 15 ಲಕ್ಷ ಟನ್ನು, ಉಡುಪಿಯ ಸೀಮೆಯ ಪಾದೂರಿನಲ್ಲಿ 25 ಲಕ್ಷ ಟನ್ನು ಕಚ್ಚಾತೈಲವನ್ನು ಹಿಡಿಸುವ ಗವಿಗಳನ್ನು ನೆಲದಡಿಯ ಬಂಡೆಯಲ್ಲಿ ಕೊರೆದಿದ್ದಾರೆ. 1973ರಲ್ಲಿಯೂ 1990ರಲ್ಲಿಯೂ ಅರಬ್ಬೀ ದೇಶಗಳ ಕಲಹದಿಂದ ತೈಲದ ಬೆಲೆಯೇರಿ ನಮ್ಮ ದೇಶವು ಕಂಗೆಟ್ಟಿತು. ಅಂತಹ ದಿನಕ್ಕೆಂದು ಮಾಡಿದ ಕಣಜವಿದು. ಈ ಕಾರ್ಯಕ್ಕಾಗಿಯೇ 2004ರಲ್ಲಿ ಒಂದು ಸರ್ಕಾರಿ ಸಂಸ್ಥೆಯು ಸ್ಥಾಪಿತವಾಯಿತು.

ಆಶ್ಚರ್ಯವೆಂದರೆ, ಈ ಗವಿಗಳ ಒಳಗೋಡೆಗೆ ಉಕ್ಕಿನ ಹೊದಿಕೆಯಿಲ್ಲ. ಬಂಡೆಯಲ್ಲಿ ಬಿರುಕುಗಳಿವೆ, ಆದರೂ ಎಣ್ಣೆಯು ಸೋರುವುದಿಲ್ಲ. ಏಕೆ? ಬಿರುಕುಗಳಲ್ಲಿ ಅಂತರ್ಜಲವು ತುಂಬಿದೆ. ಆ ನೀರಿನ ಒತ್ತಡವು ಗವಿಯೊಳಗಿನ ಒತ್ತಡಕ್ಕಿಂತ ಹೆಚ್ಚು. ಆದುದರಿಂದ ನೀರು ಒಳಕ್ಕೆ ಜಿನುಗುವುದೇ ಹೊರತು ತೈಲವು ಹೊರಕ್ಕೆ ಹೋಗಲಾರದು. ಜಿನುಗಿದ ನೀರು ತೈಲಕ್ಕಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುವುದು. ಅದನ್ನು ಪಂಪಿನಿಂದ ಮೇಲಕ್ಕೆತ್ತುವರು. ಬೇಸಗೆಯಲ್ಲಿಯೂ ಒತ್ತಡವು ಕುಂದದಿರಲೆಂದು, ಗವಿಯ ಮೇಲ್ಗಡೆ ಬೇರೊಂದು ಸುರಂಗವನ್ನು ತೋಡಿ, ಅಲ್ಲಿಂದ ಸಾಲಾಗಿ ರಂಧ್ರಗಳನ್ನು ಕೊರೆದು ನೀರನ್ನು ತುಂಬುವರು. ಇದಕ್ಕೆ ಜಲಯವನಿಕೆಯೆಂದು ಹೆಸರಿಡಬಹುದು.

ಕಣ್ಣಿಗೆ ಕಾಣದ ಈ ಕಣಜವನ್ನು ಕಾಯುವ ಬಗೆ ಹೇಗೆ? ಮೊದಲನೆಯದು, ಸುತ್ತಲೂ ಕೊರೆದ ವೀಕ್ಷಣಾ ಬಾವಿಗಳು. ಇವುಗಳಲ್ಲಿ ನೀರಿನ ಮಟ್ಟವನ್ನೂ ಒತ್ತಡವನ್ನೂ ತಪ್ಪದೆ ಅಳೆಯಬೇಕು. ಎರಡನೆಯದು, ನೀರಿನ ಲೆಕ್ಕ. ಯವನಿಕೆಗೆ ಎರೆದುದೆಷ್ಟು, ತಳದಿಂದ ಎತ್ತಿದುದೆಷ್ಟು? ಎತ್ತುವ ನೀರು ಹಠಾತ್ತನೆ ಹೆಚ್ಚಿದರೆ ಬಿರುಕು ಹಿಗ್ಗಿರಬಹುದು. ಕುಗ್ಗಿದರೆ ರಂಧ್ರಗಳು ಮುಚ್ಚಿರಬಹುದು, ಇಲ್ಲವೇ ಅಂತರ್ಜಲವೇ ಇಳಿದಿರಬಹುದು. ಮೂರನೆಯದು, ಬಾವಿಗಳ ನೀರಿನಲ್ಲಿ ತೈಲದ ಲೇಶವಿದೆಯೇ ಎಂಬ ರಸಾಯನಪರೀಕ್ಷೆ. ನಾಲ್ಕನೆಯದು, ಬಂಡೆಯ ಸದ್ದನ್ನು ಆಲಿಸುವ ಭೂಕಂಪನಯಂತ್ರ. ಕಲ್ಲು ಸಿಡಿಯುವ ಮುನ್ನ ಸಣ್ಣ ಸಣ್ಣ ಕಂಪನಗಳನ್ನು ಹೊರಡಿಸುವುದುಂಟು. ಕೋಲಾರದ ಚಿನ್ನದ ಗಣಿಗಳಲ್ಲಿ ಈ ವಿದ್ಯೆಯು ಬಹುಕಾಲ ಬೆಳೆಯಿತು.

ನೈಸರ್ಗಿಕ ತೈಲಕ್ಷೇತ್ರಗಳಲ್ಲಿಯೂ ಕ್ರಮವು ಬೇರೆಯಲ್ಲ. ಬಾವಿಯ ಒತ್ತಡವನ್ನು ಅಳೆಯುವುದರ ಜೊತೆಗೆ, ನೆಲಕ್ಕೆ ಕಂಪನವನ್ನು ಕಳುಹಿಸಿ ಮರುದನಿಯನ್ನು ಕೆಲವು ವರ್ಷಗಳಿಗೊಮ್ಮೆ ಚಿತ್ರಿಸಿ, ಹಳೆಯ ಚಿತ್ರದೊಡನೆ ಹೋಲಿಸುವರು. ತೈಲವು ತೆರವಾದೆಡೆಗೆ ನೀರು ನುಗ್ಗಿದ್ದರೆ ಆ ವ್ಯತ್ಯಾಸವು ಅಲ್ಲಿ ತೋರುವುದು.

ಇಲ್ಲಿ ನಾವು ವಿಚಾರಿಸಬೇಕಾದ ಸಂಗತಿಯೊಂದಿದೆ. ತೈಲವನ್ನು ಕಾಯುವ ಅಂತರ್ಜಲ ಬೇರೆ, ರೈತನ ಬಾವಿಗೆ ಒದಗುವ ಅಂತರ್ಜಲ ಬೇರೆ ಎಂದು ಬಗೆಯಲಾಗದು. ಬಿರುಕುಗಳ ಮೂಲಕ ಅವೆರಡೂ ಕೂಡಿಕೊಂಡಿರಬಹುದು. ಗವಿಯು ನೀರನ್ನು ಎಳೆದುಕೊಂಡರೆ ಬಾವಿಯು ಬತ್ತಬಹುದು. ಆಳವಾದ ಕೊಳವೆಬಾವಿಗಳು ಮಿತಿಮೀರಿ ನೀರನ್ನು ಹೀರಿದರೆ ಗವಿಯ ಕಾವಲೇ ಸಡಿಲವಾಗಬಹುದು. ಆದಕಾರಣ ವೀಕ್ಷಣಾ ಬಾವಿಯ ಲೆಕ್ಕವು ಕಚೇರಿಯ ಕಪಾಟಿನಲ್ಲಿ ಉಳಿಯದೆ, ನೆರೆಯ ಗ್ರಾಮಸ್ಥರಿಗೂ ತಿಳಿಯುವಂತಿರಬೇಕು. ಕೆರೆಗಳ ನಾಡಾದ ಸೊರಬದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ. ಕೆರೆಯ ಏರಿಯು ಜಿನುಗುತ್ತಿದೆಯೇ, ತೂಬು ಭದ್ರವೇ ಎಂದು ನೋಡಿಕೊಳ್ಳುವುದು ಅವರಿಗೆ ರೂಢಿಯಾದ ಕೆಲಸ. ಕರಾವಳಿಯ ಬಂಡೆಗಳೊಳಗೆ ನಡೆಯುತ್ತಿರುವುದೂ ಅದೇ ಎಚ್ಚರಿಕೆಯ ಕೆಲಸವೆಂದು ತಿಳಿದರೆ, ಈ ಶಾಸ್ತ್ರವು ನಮಗೆ ಅನ್ಯವೆನಿಸದು.