ಶರಾವತಿಯ ದಡದಲ್ಲೊಂದು ಕೊರಿಂಥ
(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸಮಾಲೆಯಲ್ಲಿ ನಾನೂ ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ, ಸಂತ ಪೌಲರು ಸಂಚರಿಸಿದ ಗ್ರೀಸ್ ದೇಶದ ಪಟ್ಟಣಗಳನ್ನು ವಿಷಯವಾಗಿ ಆರಿಸಿಕೊಳ್ಳಬಹುದೆಂದು ಸೂಚಿಸಿದ್ದರು. ನಾನು ಗ್ರೀಸ್ ದೇಶವನ್ನು ಕಂಡವನಲ್ಲ. ನಮ್ಮ ಧರ್ಮಕೇಂದ್ರದಿಂದ ತೀರ್ಥಯಾತ್ರೆಗೆ ಹೋಗಿಬಂದವರು ತಂದು ತೋರಿಸಿದ ಕೊರಿಂಥದ ಛಾಯಾಚಿತ್ರಗಳನ್ನು ಮಾತ್ರ ಕಂಡಿದ್ದೇನೆ. ಹಿಂದುಗಡೆ ಬೋಳುಬೆಟ್ಟ, ಬೆಟ್ಟದ ಅಡಿಯಲ್ಲಿ ಮುರಿದ ಕಲ್ಲುಕಂಬಗಳ ಸಾಲು, ಆಚೆಗೆ ನೀಲಿಯ ಕಡಲು. ಆ ಚಿತ್ರಗಳನ್ನು ನೋಡುತ್ತಿದ್ದಂತೆ ಇಂತಹುದೊಂದು ಸ್ಥಳವನ್ನು ನಾನೂ ಕಂಡಿದ್ದೇನಲ್ಲಾ ಎಂಬ ನೆನಪು ಮೂಡಿತು. ಇಂದು ಅದನ್ನೇ ಹೇಳಬೇಕೆಂದಿದ್ದೇನೆ.

ಆದರೂ ಕೊರಿಂಥದ ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯಲಾರೆ. ಪೌಲರು ಅಲ್ಲಿಗೆ ಬಂದದ್ದು ಕ್ರಿ.ಶ. 50ರ ಆಸುಪಾಸಿನಲ್ಲಿ. ಡೇರೆ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡು ಒಂದೂವರೆ ವರ್ಷ ಅಲ್ಲಿ ನೆಲೆಸಿದರು. ಆಗ ಅವರು ಕಂಡ ನಗರ ಪುರಾತನವಾದುದೆಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ. ಹಳೆಯ ಕೊರಿಂಥವನ್ನು ರೋಮನರು ಕ್ರಿ.ಪೂ. 146ರಲ್ಲಿ ನಾಶಮಾಡಿದ್ದರು. ಜೂಲಿಯಸ್ ಸೀಸರನು ಕ್ರಿ.ಪೂ. 44ರಲ್ಲಿ ಅದೇ ಜಾಗದಲ್ಲಿ ಹೊಸ ಊರನ್ನು ಕಟ್ಟಿಸಲು ಆಜ್ಞೆಯಿತ್ತನು. ಎಂದರೆ ಪೌಲರು ಬೋಧಿಸಿದ ಕೊರಿಂಥಕ್ಕೆ ಇನ್ನೂ ನೂರು ವರ್ಷ ತುಂಬಿರಲಿಲ್ಲ. ಶತಮಾನೋತ್ಸವವನ್ನು ಆಚರಿಸುತ್ತಿರುವ ನಮ್ಮ ಧರ್ಮಕೇಂದ್ರಕ್ಕಿಂತ ಅದು ಚಿಕ್ಕದು!

ಈಗ ನಮ್ಮ ಮುಂದಿನ ರಸ್ತೆಗೆ ಬರೋಣ. ದಾಸರಹಳ್ಳಿಯಲ್ಲಿ ದಿನನಿತ್ಯ ಓಡಾಡುವ ನಾವು ತುಮಕೂರು ರಸ್ತೆಯನ್ನು ವಾಹನಗಳ ಗದ್ದಲಕ್ಕಾಗಿ ಶಪಿಸುತ್ತೇವೆಯೇ ಹೊರತು ಅದು ಎಲ್ಲಿಗೆ ಹೋಗುತ್ತದೆಂದು ಯೋಚಿಸುವುದು ಕಡಿಮೆ. ಈ ರಸ್ತೆಯಲ್ಲಿ ತುಮಕೂರಿಗೆ ಹೋಗಿ, ಅಲ್ಲಿಂದ ಕವಲೊಡೆಯುವ ಹೆದ್ದಾರಿಯನ್ನು ಹಿಡಿದು ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ, ಜೋಗದ ಬಳಿ ಘಟ್ಟವನ್ನಿಳಿದರೆ, ರಸ್ತೆ ನಿಲ್ಲುವುದು ಹೊನ್ನಾವರದ ಕಡಲತೀರದಲ್ಲಿ. ನಾನೂರಕ್ಕೂ ಹೆಚ್ಚು ಕಿಲೋಮೀಟರುಗಳ ಹಾದಿ. ಪೀಣ್ಯದ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲದಲ್ಲಿ ಉದ್ಯೋಗವನ್ನರಸಿ ನಾನು ಬಂದದ್ದು ಇದೇ ಹಾದಿಯಲ್ಲಿ. ನನ್ನ ಅಜ್ಜಿಯ ತವರು ಹೊನ್ನಾವರದ ಸೀಮೆ. ರಾತ್ರಿಯ ಬಸ್ಸಿನಲ್ಲಿ ಗೇರುಸೊಪ್ಪೆಯನ್ನು ಎಷ್ಟು ಬಾರಿ ನಿದ್ದೆಯಲ್ಲಿ ದಾಟಿದ್ದೇನೋ ಲೆಕ್ಕವಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೆಯೇ ಅಲ್ಲಿ ಇಳಿಯಬೇಕೆಂಬ ಬುದ್ಧಿ ಬಂದದ್ದು.

ಹೊನ್ನಾವರ ಶರಾವತಿಯು ಕಡಲನ್ನು ಕೂಡುವ ಸ್ಥಳ. ಘಟ್ಟಗಳು ಇಲ್ಲಿ ಊರಿಗೆ ಬಹು ಸಮೀಪ. ನದಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಮೀರಿದ್ದು, ಕೊಂಕಣ ರೈಲುಮಾರ್ಗದಲ್ಲಿಯೇ ಅತಿ ಉದ್ದವಾದುದು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತನು ಊರಿನಲ್ಲಿ ಹುಡುಗರಿಗೆ ಇಪ್ಪತ್ತಮೂರು, ಹುಡುಗಿಯರಿಗೆ ಹದಿಮೂರು ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಆರುನೂರೆಂಬತ್ತು ವರ್ಷಗಳ ಹಿಂದೆ ಹುಡುಗಿಯರಿಗೆ ಹದಿಮೂರು ಶಾಲೆಗಳು! ನಮ್ಮಲ್ಲಿ ಹೆಣ್ಣುಮಕ್ಕಳ ಶಾಲೆಗೆ ಅಡಿಗಲ್ಲು ಹಾಕಿದವರೆಂದು ಯಾರನ್ನಾದರೂ ಹೊಗಳುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

1569ರಲ್ಲಿ ಪೋರ್ಚುಗೀಸರು ಈ ಊರನ್ನು ಹಿಡಿದು ಕೋಟೆಯನ್ನು ಕಟ್ಟಿದರು. 1623ರಲ್ಲಿ ರೋಮ್ ನಗರದ ಗೃಹಸ್ಥ ಪಿಯೆತ್ರೊ ದೆಲ್ಲ ವಾಲ್ಲೆ ಎಂಬಾತ ಇಲ್ಲಿಗೆ ಬಂದನು. ಆತ ಜೆರುಸಲೇಮಿನ ಯಾತ್ರೆಗೆಂದು ಹೊರಟವನು. ದಾರಿಯಲ್ಲಿ ಮದುವೆಯಾದ ಪತ್ನಿ ಪರ್ಷಿಯಾದಲ್ಲಿ ತೀರಿಕೊಂಡಾಗ, ಆಕೆಯ ಪಾರ್ಥಿವ ಶರೀರವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಸಂಚರಿಸಿ, ಕಡೆಗೆ ರೋಮಿನಲ್ಲಿ ಸಮಾಧಿ ಮಾಡಿದ ವಿಚಿತ್ರ ಪ್ರೇಮಿ. ಹೊನ್ನಾವರದ ಕೋಟೆಯೊಳಗೆ ದೇವಾಲಯಗಳು ಎರಡು, ಗುರುಗಳು ಒಬ್ಬರೇ ಎಂದು ಆತ ಗುರುತಿಸಿದ್ದಾನೆ. ಗುರುಗಳ ಕೊರತೆ ಇಂದಿನ ಸಮಸ್ಯೆಯೆಂದು ನಾವು ತಿಳಿದಿದ್ದೇವೆ! 1650ರ ದಶಕದಲ್ಲಿ ಕೆಳದಿಯ ನಾಯಕರು ಪೋರ್ಚುಗೀಸರನ್ನು ಅಲ್ಲಿಂದ ಹೊರಡಿಸಿದರು. ಇಂದು ಆ ಕೋಟೆಯನ್ನು ಕೇಳಿಕೊಂಡು ಹೋದವನಿಗೆ ತೋರಿಸಲು ಹೆಚ್ಚೇನೂ ಉಳಿದಿಲ್ಲ.

ದೆಲ್ಲ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರುಸೊಪ್ಪೆಗೆ ಹೋದನು. ಇಂತಹ ಸುಂದರವಾದ ನದಿಯನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂಬುದು ಅವನ ಅಭಿಪ್ರಾಯ. ನಾನು ಹೋದದ್ದು ಬಸ್ಸಿನಲ್ಲಿ. ಹೊಳೆ ರಸ್ತೆಯ ಪಕ್ಕದಲ್ಲಿ ಆಗಾಗ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಅಡಕೆಯ ತೋಟಗಳು ಮುಗಿದು ಕಾಡು ಆರಂಭವಾಗುವಲ್ಲಿ, ಹೊಳೆಯ ಆಚೆಯ ದಡದಲ್ಲಿ ನಗರಬಸ್ತಿಕೇರಿ ಎಂಬ ಸ್ಥಳವಿದೆ. ಹೆಸರಿನಲ್ಲಿ ನಗರವಿದೆ, ಬಸ್ತಿಯಿದೆ, ಕೇರಿಯೂ ಇದೆ. ಕಣ್ಣಿಗೆ ಕಾಣುವುದು ಮರಗಳು.

ಇಲ್ಲಿ ಸಾಳುವ ವಂಶದ ಚೆನ್ನಭೈರಾದೇವಿ ಎಂಬ ಜೈನ ರಾಣಿ ಸುಮಾರು 1552ರಿಂದ 1606ರವರೆಗೆ ಆಳಿದಳು. ಅರ್ಧ ಶತಮಾನಕ್ಕೂ ಮೀರಿದ ಆಳ್ವಿಕೆ. ಘಟ್ಟದ ಕಾಳುಮೆಣಸು ಅವಳ ಸೀಮೆಯಿಂದ ಹೊಳೆಯಲ್ಲಿಳಿದು ಹಡಗು ಸೇರುತ್ತಿತ್ತು. ಅವಳೊಡನೆ ಕಾದಾಡಿದ ಪೋರ್ಚುಗೀಸರೇ ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನು ಅವಳನ್ನು ಸೋಲಿಸಿ ಸೆರೆಯೊಯ್ದನು. ಅವಳು ಸೆರೆಯಲ್ಲಿಯೇ ತೀರಿಕೊಂಡಳು. ದೆಲ್ಲ ವಾಲ್ಲೆ ಬಂದದ್ದು ಅದಾಗಿ ಇಪ್ಪತ್ತು ವರ್ಷವೂ ಕಳೆಯುವ ಮೊದಲು. ಒಂದು ಕಾಲಕ್ಕೆ ರಾಣಿಯ ರಾಜಧಾನಿಯಾಗಿದ್ದ ಮಹಾನಗರ ಆಗಲೇ ಕಾಡು ಬೆಳೆದು, ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದುವೆಂದು ಆತ ಬರೆದಿದ್ದಾನೆ. ರಾಣಿಯ ನಡತೆಯ ಮೇಲೆ ಒಂದು ಅಪವಾದದ ಕಥೆಯನ್ನೂ ಬರೆದಿದ್ದಾನೆ. ಆತ ಹೊರಟಿದ್ದು ವೆಂಕಟಪ್ಪ ನಾಯಕನ ಆಸ್ಥಾನಕ್ಕೆ, ಪೋರ್ಚುಗೀಸ್ ರಾಯಭಾರಿಯ ಸಂಗಡಿಗನಾಗಿ. ಅವಳನ್ನು ಸೋಲಿಸಿದವರ ಮತ್ತು ಅವಳ ಹಳೆಯ ಶತ್ರುಗಳ ನಡುವೆ ಕುಳಿತು ಕೇಳಿದ ಕಥೆಯನ್ನು ನಾನು ನಂಬಲಾರೆ.

ಚತುರ್ಮುಖ ಬಸದಿ ಮಾತ್ರ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಲ್ಲಿ ನಿಂತರೂ ಗರ್ಭಗೃಹದಲ್ಲಿ ಒಬ್ಬ ತೀರ್ಥಂಕರರು ನಿಮ್ಮನ್ನೇ ಎದುರುನೋಡುತ್ತ ಕುಳಿತಿದ್ದಾರೆ. ಸುತ್ತಲೂ ಬೆಟ್ಟ, ಬೆಟ್ಟದ ತುಂಬ ಕಾಡು. ಕಾಡಿನಲ್ಲಿ ಅಲ್ಲಲ್ಲಿ ಕಲ್ಲಿನ ತಳಪಾಯಗಳು, ಬೇರುಗಳ ಹಿಡಿತದಲ್ಲಿ ಸಿಕ್ಕ ಗೋಡೆಗಳು. ಮೇಲೆಲ್ಲೋ ಸಿಂಗಳೀಕಗಳ ಕೂಗು. ನಾನು ಜಗಲಿಯ ಮೇಲೆ ಕುಳಿತು ಬುತ್ತಿ ಬಿಚ್ಚಬೇಕೆನ್ನುವಷ್ಟರಲ್ಲಿ ವೃದ್ಧರೊಬ್ಬರು ಬಂದರು. ಬಸದಿಯ ಸುತ್ತ ಕಸ ತೆಗೆಯುವುದನ್ನು ತಾವಾಗಿಯೇ ಹೊತ್ತುಕೊಂಡವರು.

"ಯಾವೂರಾಯ್ತು?" ಎಂದರು. ಬೆಂಗಳೂರೆಂದೆ.

"ಬೆಂಗಳೂರಿನವರು ಜೋಗ ನೋಡಿ ಹಿಂದಕ್ಕೆ ಹೋಗುತ್ತಾರೆ. ಇಲ್ಲಿಗೆ ಇಳಿಯುವವರು ಕಡಿಮೆ."

ನಾನು ಕ್ರೈಸ್ತನೆಂದೂ ಅಜ್ಜಿಯ ಕಡೆಯವರು ಹೊನ್ನಾವರದವರೆಂದೂ ಹೇಳಿದೆ. ಮಾತಿಗೆ ಮಾತು ಬೆಳೆಯಿತು. ಅಜ್ಜಿಯ ಬಾಯಿಂದ ಕೇಳಿದ 1784ರ ಕಥೆಯನ್ನು ಅವರಿಗೆ ಹೇಳಿದೆ. ನಿಮ್ಮಲ್ಲಿ ಕರಾವಳಿಯಿಂದ ಬಂದ ಮನೆತನದವರಿಗೆ ಅದು ಗೊತ್ತು. ಆ ವರ್ಷದ ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನರ ಆಜ್ಞೆಯ ಮೇರೆಗೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದರೆಂಬುದು ನಮ್ಮಲ್ಲಿ ನಡೆದುಬಂದ ಹೇಳಿಕೆ. ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಅವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು, ದೇವಾಲಯಗಳನ್ನು ಕೆಡವಿದರು. ಸೆರೆಯಾದವರ ಸಂಖ್ಯೆಯ ಬಗ್ಗೆ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. ದಾರಿಯಲ್ಲಿ ಸತ್ತವರು ಅನೇಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಕರಾವಳಿಗೆ ಮರಳಿದರು. ಅಜ್ಜಿಗೆ ತಾರೀಖು ಗೊತ್ತಿರಲಿಲ್ಲ; ಹಸುಗೂಸನ್ನು ಎತ್ತಿಕೊಂಡು ನಡೆದ ಒಬ್ಬಾಕೆಯ ಕಥೆ ಗೊತ್ತಿತ್ತು. ಅದನ್ನು ಹೇಳುವಾಗ ಪ್ರತಿಸಲವೂ ಅಳುತ್ತಿದ್ದಳು.

ವೃದ್ಧರು ಪೂರ್ತಿ ಕೇಳಿದರು. "ಪಾಪ" ಎಂದರು. ಆ ಮಾತು ಮೇಲುಮೇಲಿನದಾಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

"ಭಟ್ಕಳ ಸುಟ್ಟದ್ದನ್ನೂ ನಿಮ್ಮಜ್ಜಿ ಹೇಳುತ್ತಿದ್ದರೋ ಮಾರಾಯರೇ?"

ನನಗೆ ಮಾತು ಹೊರಡಲಿಲ್ಲ. ಹೇಳುತ್ತಿರಲಿಲ್ಲ ಎಂಬುದೇ ನಿಜ. ಅಜ್ಜಿಗೆ ಗೊತ್ತಿದ್ದಿರಲಾರದು. ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿ, ಹಾಳೆ ಮಗುಚಿ, ಮುಂದೆ ಹೋಗಿದ್ದೆ. ಹೊನ್ನಾವರಕ್ಕೆ ದಕ್ಷಿಣದಲ್ಲಿ ಸುಮಾರು ನಲವತ್ತು ಕಿಲೋಮೀಟರು ದೂರವಿರುವ ಭಟ್ಕಳ ಆ ಕಾಲದ ದೊಡ್ಡ ರೇವುಪಟ್ಟಣ. ಅದನ್ನೂ ಒಬ್ಬ ರಾಣಿಯೇ ಆಳುತ್ತಿದ್ದಳು. ಕಪ್ಪವನ್ನು ಕೊಡಲಿಲ್ಲ, ಕಡಲುಗಳ್ಳರಿಗೆ ಆಸರೆಯಿತ್ತಳು ಎಂಬ ಕಾರಣವನ್ನು ಮುಂದೊಡ್ಡಿ 1542ರಲ್ಲಿ ಗೋವೆಯ ಗವರ್ನರ್ ಮಾರ್ಟಿಂ ಅಫೋನ್ಸೊ ಡಿ ಸೋಜ ಆ ಊರನ್ನು ಲೂಟಿಮಾಡಿ ಸುಟ್ಟನು. ಲೂಟಿಯನ್ನು ಹಂಚಿಕೊಳ್ಳುವಲ್ಲಿ ಅವನ ಸೈನಿಕರೇ ತಮ್ಮತಮ್ಮಲ್ಲಿ ಜಗಳವಾಡಿದರು.

ಈ ಗವರ್ನರನು ಲಿಸ್ಬನ್ನಿನಿಂದ ಬಂದ ಹಡಗಿನಲ್ಲಿ ನಮಗೆಲ್ಲ ಪ್ರಿಯರಾದ ಇನ್ನೊಬ್ಬ ಪ್ರಯಾಣಿಕರಿದ್ದರು: ಸಂತ ಫ್ರಾನ್ಸಿಸ್ ಝೇವಿಯರ್. 1541ರ ಏಪ್ರಿಲಿನಲ್ಲಿ ಇಬ್ಬರೂ ಒಟ್ಟಿಗೆ ಹೊರಟು, 1542ರ ಮೇ ತಿಂಗಳಲ್ಲಿ ಗೋವೆಯಲ್ಲಿ ಇಳಿದರು. ಅದೇ ವರ್ಷ ಒಬ್ಬರು ಗೋವೆಯ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆ ನಿಂತರು. ಇನ್ನೊಬ್ಬನು ಭಟ್ಕಳಕ್ಕೆ ಬೆಂಕಿಯಿಟ್ಟನು. ಸಂತರು ಆ ದಾಳಿಯಲ್ಲಿ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಪೋರ್ಚುಗೀಸ್ ಅಧಿಕಾರಿಗಳ ದುರಾಸೆಯನ್ನು ಕುರಿತು ಅವರು ತಮ್ಮ ಪತ್ರಗಳಲ್ಲಿ ಕಟುವಾಗಿಯೇ ಬರೆದರು, ದೊರೆಗೂ ಬರೆದರು. ಇವೆಲ್ಲವೂ ನನಗೆ ನೆನಪಾಯಿತು. ಆದರೆ ಆ ಜಗಲಿಯ ಮೇಲೆ ಅವನ್ನು ಸಮಜಾಯಿಷಿಯಾಗಿ ಹೇಳಲು ನಾಚಿಕೆಯಾಯಿತು. "ಇಲ್ಲ, ಹೇಳುತ್ತಿರಲಿಲ್ಲ" ಎಂದಷ್ಟೇ ಹೇಳಿದೆ.

ಅವರು ಕೋಪದಿಂದ ಕೇಳಿರಲಿಲ್ಲ. "ನಮ್ಮವರು ಕೂಡ ಎಲ್ಲವನ್ನೂ ಹೇಳುವುದಿಲ್ಲ ಬಿಡಿ" ಎಂದು ಎದ್ದು, ನನ್ನ ಬುತ್ತಿಗೆ ಎಲೆ ತರಲು ಹೋದರು.

ಕೊರಿಂಥದ ಅವಶೇಷಗಳ ನಡುವೆ ನಿಲ್ಲುವ ನಮ್ಮ ಯಾತ್ರಿಕರಿಗೆ ಇಂತಹ ತೊಂದರೆಯಿಲ್ಲ. ಆ ಊರನ್ನು ಕೆಡವಿದವರು ರೋಮನರು, ಕೆಡವಿಸಿಕೊಂಡವರು ಗ್ರೀಕರು. ನಾವು ಪೌಲರ ಕಡೆಯವರು. ಶರಾವತಿಯ ದಡದಲ್ಲಿ ಹಾಗೆ ಒಂದು ಕಡೆ ನಿಲ್ಲುವುದು ನನ್ನಿಂದಾಗಲಿಲ್ಲ. 1784ರಲ್ಲಿ ನನ್ನವರು ಘಟ್ಟ ಹತ್ತಿದವರು. 1542ರಲ್ಲಿ ಬಾವುಟಕ್ಕೆ ಶಿಲುಬೆಯನ್ನು ಹಚ್ಚಿಕೊಂಡು ಊರು ಸುಟ್ಟವರು ನನ್ನವರಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ; ಹೌದೆನ್ನಲೂ ಏಳಲಿಲ್ಲ.

ಊರಿಗೆ ಮರಳಿ ಎಂಟನೇ ಮೈಲಿಯಲ್ಲಿ ಬಸ್ಸಿಳಿದ ದಿನವೇ ಮಕ್ಕಳಿಗಾಗಿ ನಾನು ಬರೆದಿಟ್ಟಿದ್ದ ಮನೆತನದ ವೃತ್ತಾಂತವನ್ನು ತೆಗೆದೆ. ಅದು 1784ರಿಂದ ಆರಂಭವಾಗುತ್ತಿತ್ತು. ಅದರ ಮೊದಲಿಗೆ ಇನ್ನೊಂದು ಹಾಳೆಯನ್ನು ಅಂಟಿಸಿ ಭಟ್ಕಳದ ವಿಷಯವನ್ನು ಬರೆದೆ. ಮೊಮ್ಮಗಳು ಓದಿ, "ಇದು ನಮ್ಮ ಮನೆಯ ಕಥೆಯಲ್ಲವಲ್ಲ ತಾತಾ" ಎಂದಳು. ಅವಳಿಗೆ ಒಪ್ಪುವಂತಹ ಉತ್ತರ ನನ್ನಲ್ಲಿ ಇನ್ನೂ ಸಿದ್ಧವಾಗಿಲ್ಲ.

ಕಡೆಯದಾಗಿ ಒಂದು ವಿಜ್ಞಾಪನೆ. ಡಿಸೆಂಬರ್ 3ರಂದು ಸಂತ ಝೇವಿಯರರ ಹಬ್ಬಕ್ಕೆ ಕುಮಟಾ ಬಳಿಯ ಚಂದಾವರಕ್ಕೆ ಹೋಗಬೇಕೆಂದು ನಮ್ಮಲ್ಲಿ ಕೆಲವರು ಮಾತನಾಡಿಕೊಳ್ಳುತ್ತಿದ್ದೀರಿ. ಎಲ್ಲ ಮತದವರೂ ಸೇರುವ ಹಬ್ಬವದು, ಅವಶ್ಯವಾಗಿ ಹೋಗೋಣ. ಬರುವಾಗ ಒಂದು ದಿನ ಹೆಚ್ಚು ಇಟ್ಟುಕೊಂಡರೆ ಗೇರುಸೊಪ್ಪೆಯಲ್ಲಿ ಇಳಿಯಬಹುದು. ದಾರಿ ನಾನು ತೋರಿಸುತ್ತೇನೆ. ಆ ವೃದ್ಧರಿಗೆ ಎಂಬತ್ತು ದಾಟಿದೆ, ಆದ್ದರಿಂದ ಈ ವರ್ಷವೇ ಆದರೆ ಒಳ್ಳೆಯದು. ಹೆಸರು ಕೊಡುವವರು ಭಾನುವಾರದ ಎರಡನೆಯ ಬಲಿಪೂಜೆಯ ನಂತರ ನನ್ನನ್ನು ಕಾಣಬೇಕು.