ವಿಜ್ಞಾನದ ವಿದ್ಯಾರ್ಥಿಯೂ ಲೇಖನಾಭ್ಯಾಸವೂ
(ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಷ್ಟು ಮಂದಿ ವಿದ್ವಾಂಸರು ನೆರೆದಿರುವ ಈ ಮಹಾಸಭೆಯಲ್ಲಿ ಮಾತನಾಡುವ ಯೋಗ್ಯತೆಯು ನನಗುಂಟೆಂದು ನಾನು ಭಾವಿಸಿದವನಲ್ಲ. ಹಿರಿಯರ ಅಪ್ಪಣೆಯನ್ನು ಮೀರಲಾರದೆ, ರಸಾಯನಶಾಸ್ತ್ರದ ವಿದ್ಯಾರ್ಥಿಯಾದ ನಾನು ಲೇಖನಾಭ್ಯಾಸದಿಂದ ಕಲಿತ ಒಂದೆರಡು ಸಂಗತಿಗಳನ್ನು ವಿಜ್ಞಾಪಿಸಿಕೊಳ್ಳುವೆನು.

ನಮ್ಮ ಕಾಲೇಜಿನಲ್ಲಿ ವಿಜ್ಞಾನದ ವಿದ್ಯಾರ್ಥಿಗಳೂ ಒಂದು ವರ್ಷ ಲೇಖನವನ್ನು ಅಭ್ಯಾಸಮಾಡಬೇಕೆಂಬ ಕಟ್ಟಳೆಯಿದ್ದಿತು. ಅದು ನನಗೆ ಕಾಲಹರಣವೆಂದೇ ತೋರಿತು. ಅಳೆಯುವುದು, ತೂಗುವುದು ನಮ್ಮ ಕೆಲಸ. ಮಾತನ್ನು ಜೋಡಿಸುವುದು ಸಾಹಿತ್ಯದವರ ಕೆಲಸ ಎಂಬ ಗರ್ವವು ನನ್ನಲ್ಲಿದ್ದಿತು. ನನ್ನ ಮೊದಲ ಪ್ರಬಂಧವನ್ನು ಉಪಾಧ್ಯಾಯರು ಹಿಂದಿರುಗಿಸಿ, “ಇದನ್ನು ಯಾರಿಗಾಗಿ ಬರೆದೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಬೆಲೆಯು ಊರಿನಲ್ಲಿ ತಿಳಿಯಿತು. ನಮ್ಮದು ಪಾವಗಡದ ಸೀಮೆ. ಅಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶವು ಹೆಚ್ಚು. ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಮೀರಿದ ನೀರನ್ನು ಬಹುಕಾಲ ಕುಡಿದರೆ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಲೆಗಳು ಮೂಡುವುವು. ಅಂಶವು ಬಹಳ ಹೆಚ್ಚಾದಲ್ಲಿ ಕೀಲುಗಳು ಬಿಗಿದು ಬೆನ್ನು ಬಾಗುವುದೂ ಉಂಟು. ನಮ್ಮ ಬೀದಿಯ ಕೊಳವೆಬಾವಿಯ ನೀರನ್ನು ಒಂದು ರಜೆಯಲ್ಲಿ ಪರೀಕ್ಷಿಸಿದೆನು. ಅಂಶವು ಮಿತಿಯನ್ನು ಮೀರಿದ್ದಿತು. “ಫ್ಲೋರೈಡಿನ ಸಾಂದ್ರತೆಯು ಅಧಿಕವಾಗಿ ಕಂಡುಬಂದಿರುವುದರಿಂದ ಸೂಕ್ತ ಸಂಸ್ಕರಣವು ಅಪೇಕ್ಷಣೀಯವಾಗಿದೆ” ಎಂದು ಬರೆದು, ಆ ಹಾಳೆಯನ್ನು ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ಕೊಟ್ಟು, ಕೃತಕೃತ್ಯನಾದೆನೆಂದು ಕಾಲೇಜಿಗೆ ಹಿಂದಿರುಗಿದೆನು.

ಮುಂದಿನ ರಜೆಯಲ್ಲಿ ಬಂದು ನೋಡಿದರೆ, ನನ್ನ ತಾಯಿಯು ಅದೇ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ನನ್ನ ತಂಗಿಗೆ ಕುಡಿಸುತ್ತಿದ್ದಳು. “ನೀನೇ ಬರೆದಿದ್ದೆಯಲ್ಲಪ್ಪ, ಕಾಯಿಸಿಯೇ ಕೊಡುತ್ತಿದ್ದೇನೆ” ಎಂದಳು. ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಏರುವುದು. ನನ್ನ ಅಳತೆಯು ಸರಿಯಾಗಿದ್ದಿತು, ವಾಕ್ಯವು ಕೆಟ್ಟುದಾಗಿದ್ದಿತು. ತಪ್ಪು ತಾಯಿಯದಲ್ಲ, ನನ್ನದು.

ಅಂದು ರಾತ್ರಿ ಕುಳಿತು ಮತ್ತೆ ಬರೆದೆನು: “ಈ ನೀರನ್ನು ಕುಡಿಯಬೇಡಿರಿ, ಅಡಿಗೆಗೂ ಬೇಡ. ಕುದಿಸಿದರೂ ದೋಷವು ಹೋಗದು. ಸ್ನಾನಕ್ಕೂ ಬಟ್ಟೆಗೂ ಅಡ್ಡಿಯಿಲ್ಲ. ಕುಡಿಯಲು ಶುದ್ಧನೀರಿನ ಘಟಕದಿಂದ ತನ್ನಿರಿ.” ನಾಲ್ಕೇ ಸಾಲುಗಳು. ಪರೀಕ್ಷೆಗಿಂತ ಅವುಗಳಿಗೇ ನಾನು ಹೆಚ್ಚು ಶ್ರಮಪಟ್ಟೆನು.

ಇಂತಹ ಲೋಪವು ದೊಡ್ಡವರಿಗೂ ತಪ್ಪಿದುದಲ್ಲ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ, ಶವಪರೀಕ್ಷೆಯಿಂದ ಬಂದವರು ಸುಣ್ಣದ ಕ್ಲೋರಿನ್ ದ್ರವದಲ್ಲಿ ಕೈತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ವಿಧಿಸಿದನು. 1846ರಲ್ಲಿ ಆ ವಿಭಾಗದಲ್ಲಿ ನೂರಕ್ಕೆ ಸುಮಾರು 11 ಮಂದಿ ತಾಯಂದಿರು ಸತ್ತಿದ್ದರು. 1848ರಲ್ಲಿ ಆ ಸಂಖ್ಯೆಯು ಒಂದೂಕಾಲಿಗೆ ಇಳಿಯಿತು. ಆದರೂ ಅವನು ತನ್ನ ಗ್ರಂಥವನ್ನು ಪ್ರಕಟಿಸಿದುದು 1861ರಲ್ಲಿ. ಅದೂ ವಿರೋಧಿಗಳ ಮೇಲಣ ವಾಗ್ವಾದದಿಂದ ತುಂಬಿದುದು. ಲೋಕವು ಅವನನ್ನು ಒಪ್ಪದಿದ್ದುದಕ್ಕೆ ಬೇರೆ ಕಾರಣಗಳೂ ಇದ್ದುವು, ನಿಜ. ಆದರೆ ಸಕಾಲದಲ್ಲಿ, ಸ್ಪಷ್ಟವಾಗಿ, ಸಮಾಧಾನದಿಂದ ಬರೆದಿದ್ದರೆ ಆ ಸತ್ಯವು ಇನ್ನಷ್ಟು ಬೇಗ ಹಬ್ಬುತ್ತಿದ್ದಿತೆಂದು ನನ್ನ ನಂಬಿಕೆ. ಅವನು 1865ರಲ್ಲಿ ತೀರಿಕೊಂಡನು.

ಆದಕಾರಣ, ನನ್ನ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಕಂಡುಹಿಡಿದುದು ಇನ್ನೊಬ್ಬರಿಗೆ ತಿಳಿಯುವವರೆಗೆ ನಮ್ಮ ಕೆಲಸವು ಮುಗಿಯಲಿಲ್ಲ. ಬರೆದುದನ್ನು ಮೊದಲು ಮನೆಯವರ ಮುಂದೆ ಓದಿರಿ, “ಇದರಿಂದ ನಿಮಗೇನು ತಿಳಿಯಿತು?” ಎಂದು ಕೇಳಿರಿ. ಅವರ ಉತ್ತರವೇ ನಮ್ಮ ಬರಹಕ್ಕೆ ಒರೆಗಲ್ಲು.